ರೋಗದ ಕಾಲದಲ್ಲೂ ಕಸದ ಚಿಂತೆಯೇ?

ಬೆಂಗಳೂರಿನಲ್ಲಿ ಕಸ ವಿಂಗಡಣೆಯ ಬಗ್ಗೆ ಮಾತನಾಡಲು ಎಲ್ಲಿಗೆ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಕೊರೊನಾ ಕಾಲದಲ್ಲೂ ಬಟ್ಟೆ ಚೀಲ, ಮಡಕೆ ಗೊಬ್ಬರ ಎನ್ನುತ್ತಿದ್ದಿರಾ? ಜೀವ ಉಳಿಸಿಕೊಳ್ಳುವುದೇ ದೊಡ್ಡದಾಗಿದ್ದಾಗ ನಾಲ್ಕು ಪ್ಲಾಸ್ಟಿಕ್ ಚೀಲ ಹೆಚ್ಚು ಬಳಸಿದರೆ ತಪ್ಪೇನು?"

ಅಂಥ ಕಾಲದಲ್ಲೇ ಕಸದ ಬಗ್ಗೆ ಹೆಚ್ಚು ಎಚ್ಚರ ಬೇಕು ಎನ್ನುವುದು ನನ್ನ ಉತ್ತರ. 2020ರ ಮಾರ್ಚ್ 25ರಿಂದ ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕುಳಿತೆವು. ಪೌರಕಾರ್ಮಿಕರು ಮಾತ್ರ ಎಂದಿನಂತೆ ಬೆಳಗಿನ ಜಾವವೇ ಬೀದಿಗಿಳಿದರು. ಮುಸುರೆ, ಮೂಗೊರೆಸಿದ ಕಾಗದ, ಬಳಸಿದ ಮಾಸ್ಕ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕೊಟ್ಟ ಮನೆಗಳ ಕಸವನ್ನು ಬಿಚ್ಚಿ ಬೇರ್ಪಡಿಸಿದ್ದು ಅವರ ಕೈಗಳು. ಆ ಕೈಗಳಿಗೆ ಎಲ್ಲ ಕಡೆಯೂ ಕೈಗವಸು ಇರಲಿಲ್ಲ. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ (ಪ್ಯಾಡ್, ಡೈಪರ್‌ನಂಥವು) ಎಂದು ಮೂರು ಬೇರೆ ಮಾಡಿ ಕೊಡಬೇಕೆಂದು ಹೈಕೋರ್ಟ್ 2015ರಲ್ಲೇ ಹೇಳಿತ್ತು. ಅದನ್ನು ಪಾಲಿಸಿದ ಮನೆ ಪರಿಸರವನ್ನಷ್ಟೇ ಅಲ್ಲ, ಆ ಕಸ ಎತ್ತುವ ಒಬ್ಬ ಹೆಂಗಸಿನ ಆರೋಗ್ಯವನ್ನೂ ಕಾಪಾಡಿತು. ನನ್ನ ಮಟ್ಟಿಗೆ ಇವೆರಡೂ ಒಂದೇ ಕೆಲಸ.

ಪ್ಲಾಸ್ಟಿಕ್ ಚೀಲ ಸುರಕ್ಷಿತ ಎಂಬ ನಂಬಿಕೆಗೆ ಆಧಾರವೇ ಇರಲಿಲ್ಲ. 2020ರ ಮಾರ್ಚ್‌ನಲ್ಲೇ ಪ್ರಕಟವಾದ ಪ್ರಯೋಗಗಳಲ್ಲಿ ವೈರಾಣು ರಟ್ಟಿನ ಮೇಲೆ ಸುಮಾರು 24 ಗಂಟೆ, ಪ್ಲಾಸ್ಟಿಕ್ ಮೇಲೆ 72 ಗಂಟೆಗಳವರೆಗೂ ಉಳಿದಿತ್ತು. ಆ ವೈರಾಣುವಿನ ಹೊರಪದರ ಕೊಬ್ಬಿನದು. ಸೋಪು ತಗುಲಿದರೆ ಒಡೆದುಹೋಗುತ್ತದೆ. ಸೊಪ್ಪಿನ ಗಾಡಿಯವರ ಬಳಿಗೆ ಒಯ್ದ ಬಟ್ಟೆ ಚೀಲವನ್ನು ಸೋಪಿನ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಆಯಿತು. ಎಷ್ಟು ಕೈ ದಾಟಿ ಬಂದಿದೆಯೋ ತಿಳಿಯದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಈ ಶುಚಿ ಎಲ್ಲಿಂದ ಬರಬೇಕು?

ಇನ್ನು ಹಸಿ ಕಸ. ನಮ್ಮ ಊರಿನ ಮನೆಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ವರ್ಷಗಟ್ಟಲೆ ಇದರ ನಾತ ಸಹಿಸಿ, ಹೋರಾಡಿ, 2014ರ ಕೊನೆಗೆ ನಮ್ಮ ಲಾರಿಗಳನ್ನು ನಿಲ್ಲಿಸಿದರು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೂರು ಹೊತ್ತೂ ಮನೆಯಲ್ಲೇ ಅಡುಗೆಯಾಗುತ್ತಿದ್ದ ಲಾಕ್‌ಡೌನ್‌ನಲ್ಲಿ ಸಿಪ್ಪೆಯೂ ಹೆಚ್ಚು, ಅದನ್ನು ನೋಡಿಕೊಳ್ಳಲು ಸಮಯವೂ ಹೆಚ್ಚು. ಗೊಬ್ಬರ ಮಾಡಲು ತೂತಿರುವ ಮಡಕೆಯಲ್ಲಿ ಸಿಪ್ಪೆ, ಅದರ ಮೇಲೆ ಒಂದೆರಡು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಆಗಾಗ ಸ್ವಲ್ಪ ಹುಳಿ ಮಜ್ಜಿಗೆ. ನಾತ ಬಂದರೆ ತೇವ ಹೆಚ್ಚಾಗಿದೆ ಎಂದು ತಿಳಿದು, ಇನ್ನಷ್ಟು ಒಣ ಎಲೆ ಸೇರಿಸಿ ಕೆದಕಿ. ಬಿಳಿ ಬೂಸಲು ಕಂಡರೆ ಹೆದರಬೇಡಿ, ಕೆಲಸ ನಡೆಯುತ್ತಿದೆ.

ಒಣ ಕಸಕ್ಕೆ ಬಂದರೆ, ಹಾಲಿನ ಪ್ಯಾಕೆಟ್‌ನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ತುಂಡು ಪ್ಯಾಕೆಟ್‌ಗೇ ಅಂಟಿಕೊಂಡಿರಲಿ. ಉಗುರಿನಷ್ಟೇ ಇರುವ ಆ ಚೂರನ್ನು ಯಾರೂ ಆಯಲಾರರು. ತೊಳೆದು ಒಣಗಿಸಿದ ಪ್ಯಾಕೆಟ್‌ಗೆ ಗುಜರಿಯಲ್ಲಿ ಬೆಲೆಯಿದೆ.

ಬಿಸಾಡುವ ಮಾಸ್ಕ್ ನೋಡಲು ಬಟ್ಟೆಯಂತಿದ್ದರೂ ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಆದರೂ ಆಸ್ಪತ್ರೆಗೆ ಹೋಗುವಾಗ, ರೋಗಿಯ ಆರೈಕೆ ಮಾಡುವಾಗ ಎನ್-95 ಧರಿಸಿ ಎಂದೇ ನಾನು ಹೇಳುವುದು. ಅಲ್ಲಿ ಬಟ್ಟೆಯ ಮಾಸ್ಕ್ ಸಾಲದು. ಬಳಸಿದ ಮಾಸ್ಕನ್ನು ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು, ಕತ್ತರಿಸಿ ಕೊಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸೂಚಿಸಿತ್ತು. ಕತ್ತರಿಸುವುದು ಅದನ್ನು ಮತ್ತೆ ಯಾರೂ ಮಾರಬಾರದೆಂದು.

ಮನೆಯಲ್ಲೇ ಸೋಂಕಿತರಿದ್ದರೆ ಕಸ ಕಡಿಮೆ ಮಾಡುವ ಹಠ ಬಿಟ್ಟುಬಿಡಿ, ಬೇರ್ಪಡಿಸುವುದನ್ನು ಮಾತ್ರ ಬಿಡಬೇಡಿ. ರೋಗಿಯ ಕಫ, ರಕ್ತ ತಗುಲಿದ ವಸ್ತುಗಳು ಹಳದಿ ಚೀಲಕ್ಕೆ, ಅಂದರೆ ಸುಡಲು ಕಳಿಸುವ ವೈದ್ಯಕೀಯ ಕಸದ ಚೀಲಕ್ಕೆ. ಉಳಿದ ಅನ್ನ, ಔಷಧದ ರಟ್ಟಿನ ಪೆಟ್ಟಿಗೆಗಳನ್ನೂ ಅದಕ್ಕೇ ತುರುಕಿದರೆ ದಹನ ಘಟಕಕ್ಕೆ ಸುಮ್ಮನೆ ಹೊರೆ. ಚೀಲದ ಬಾಯಿ ಕಟ್ಟಿ, ಕೊಡುವ ಮೊದಲು ಒಳಗೇನಿದೆ ಎಂದು ತೆಗೆದುಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ.