ಯೀಸ್ಟ್ ಹಂಚಿದವನ ಮನೆಯ ಜಗಳ

ಡೆನ್ಮಾರ್ಕ್‌ನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನ ಇತಿಹಾಸ ಓದುತ್ತಿದ್ದೇನೆ. ತಲೆಯಿಂದ ಹೋಗ್ತಾನೇ ಇಲ್ಲ.

1845ರಲ್ಲಿ ಅದರ ಸ್ಥಾಪಕ ಜೆ. ಸಿ. ಯಾಕೋಬ್ಸೆನ್ ಜರ್ಮನಿಯ ಮ್ಯೂನಿಕ್‌ನಿಂದ ಕೋಪನ್‌ಹೇಗನ್‌ಗೆ ಯೀಸ್ಟ್, ಅಂದರೆ ಬಿಯರ್ ಹುದುಗಿಸುವ ಸೂಕ್ಷ್ಮಜೀವಿ, ತಂದ. ಕುದುರೆಗಾಡಿಯ ಪ್ರಯಾಣ. ಬಿಸಿ ತಾಗಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಹಾಗಾಗಿ ಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿಗೆ ತಣ್ಣೀರು ಸುರಿಯುತ್ತಿದ್ದನಂತೆ! 1847ರಲ್ಲಿ ಕೋಪನ್‌ಹೇಗನ್ ಬಳಿಯ ವಾಲ್ಬಿಯ ಗುಡ್ಡದ ಮೇಲೆ ಬ್ರೂವರಿ (ಬಿಯರ್ ಕಾರ್ಖಾನೆ) ಶುರುವಾಯಿತು. ಐದು ವರ್ಷದ ಮಗ ಕಾರ್ಲ್‌ನ ಹೆಸರನ್ನೇ ಅದಕ್ಕಿಟ್ಟ.

ಆಮೇಲೆ ಸ್ವಂತ ಪ್ರಯೋಗಾಲಯ ಕಟ್ಟಿಸಿದ. ಆಗೆಲ್ಲ ಬೇಡದ ಕಾಡು ಯೀಸ್ಟ್ ಸೇರಿ ಬಿಯರ್ ಕೆಡುವುದು ಎಲ್ಲ ಬ್ರೂವರಿಗಳಿಗೂ ತಲೆನೋವು. 1883ರಲ್ಲಿ ಅಲ್ಲಿನ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಬಚ್ಚಿಟ್ಟುಕೊಂಡಿದ್ದರೆ ಎಷ್ಟು ದುಡ್ಡು ಮಾಡಬಹುದಿತ್ತು, ಅಲ್ವಾ? ಯಾಕೋಬ್ಸೆನ್ ಅದನ್ನು ಬೇರೆ ಬ್ರೂವರಿಗಳಿಗೂ ಪುಕ್ಕಟೆ ಕೊಟ್ಟ. ಆಮ್ಲ-ಕ್ಷಾರ ಎಷ್ಟಿದೆ ಎಂದು ಹೇಳಲು ನಾವು ಶಾಲೆಯಲ್ಲಿ ಕಲಿತ ಪಿಎಚ್ ಅಳತೆ ಕೂಡ 1909ರಲ್ಲಿ ಅದೇ ಪ್ರಯೋಗಾಲಯದಿಂದ ಬಂದದ್ದು.

ಆದರೆ ಮಗನ ಜೊತೆ ಮಾತ್ರ ಹೊಂದಿಕೆಯಾಗಲಿಲ್ಲ. ಕಾರ್ಲ್ ಪಕ್ಕದಲ್ಲೇ ತನ್ನ ಹೊಸ ಬ್ರೂವರಿ ತೆರೆದ. ಅಪ್ಪ ತನ್ನ ಬ್ರೂವರಿಯನ್ನು ಮಗನಿಗಲ್ಲ, 1876ರಲ್ಲಿ ತಾನೇ ಕಟ್ಟಿದ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದಿಟ್ಟ. ಎದುರಾಳಿಗಳಿಗೇ ಯೀಸ್ಟ್ ಹಂಚಿದ ಮನುಷ್ಯ ಹೆತ್ತ ಮಗನೆದುರು ಇಷ್ಟು ಬಿಗಿಯಾದನಲ್ಲ ಎಂದು ಸಂಕಟವಾಗುತ್ತದೆ. ಅಪ್ಪ ಸಾಯುವ ಮುಂಚೆ ಇಬ್ಬರೂ ರಾಜಿಯಾದರು ಎಂಬುದೊಂದೇ ಸಮಾಧಾನ. ಎರಡೂ ಬ್ರೂವರಿ ಒಂದಾಗಿದ್ದು 1906ರಲ್ಲಿ. 1970ರಲ್ಲಿ ಡೆನ್ಮಾರ್ಕ್‌ನ ಇನ್ನೊಂದು ಬಿಯರ್ ಕಂಪನಿ ಟ್ಯೂಬೋರ್ಗ್ ಕೂಡ ಸೇರಿಕೊಂಡಿತು.

ಇವತ್ತಿಗೂ ಕಂಪನಿಯ ಹಿಡಿತ ಆ ಪ್ರತಿಷ್ಠಾನದ ಕೈಯಲ್ಲೇ ಇದೆ. ಲಾಭದಲ್ಲಿ ಒಂದು ಪಾಲು ಸಂಶೋಧನೆಗೆ ಹೋಗುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ.