ನಿವೆರ್ನೆಯ ಎತ್ತುಗಳು

ರೋಸಾ ಬೊನೂರ್ 1849ರಲ್ಲಿ, ಇನ್ನೂ 27ರ ಪ್ರಾಯದಲ್ಲಿ, ಬರೆದ ಫ್ರಾನ್ಸಿನ ನಿವೆರ್ನೆ ಸೀಮೆಯ ಉಳುಮೆಯ ಚಿತ್ರವನ್ನು ಇಂದು ಬಹಳ ಹೊತ್ತು ನೋಡುತ್ತಾ ಕುಳಿತೆ. ಪ್ಯಾರಿಸ್ಸಿನ ಒರ್ಸೇ ಸಂಗ್ರಹಾಲಯದಲ್ಲಿರುವ, ಎರಡೂವರೆ ಮೀಟರಿಗೂ ಹೆಚ್ಚು ಅಗಲದ ಆ ಕ್ಯಾನ್ವಾಸಿನಲ್ಲಿ ಆರಾರು ಎತ್ತುಗಳ ಎರಡು ತಂಡಗಳು ಜೋಡಿ ಜೋಡಿಯಾಗಿ ನೇಗಿಲೆಳೆಯುತ್ತಾ ಸಾಗಿದ್ದು, ಆಗಷ್ಟೇ ಮಗುಚಿಬಿದ್ದ ಮಣ್ಣಿನ ಹೆಂಟೆಗಳು ಮುಂಭಾಗವನ್ನೆಲ್ಲ ತುಂಬಿಕೊಂಡಿವೆ. ಹಿಂದೆ ಕಾಡಿನ ಇಳಿಜಾರು, ಮೇಲೆ ತಿಳಿಯಾದ ಆಕಾಶ. ಉಳುವವರ ಮುಖಗಳು ಟೋಪಿಯ ನೆರಳಿನಲ್ಲೋ ಎತ್ತುಗಳ ಮರೆಯಲ್ಲೋ ಬಹುಮಟ್ಟಿಗೆ ಅಡಗಿಹೋಗಿದ್ದರೆ, ನಡುವಿನ ಬಿಳಿ ಎತ್ತೊಂದು ಮಾತ್ರ ಕಣ್ಣು ಹೊರಳಿಸಿ ನೇರವಾಗಿ ನಮ್ಮನ್ನೇ ದಿಟ್ಟಿಸುತ್ತದೆ. 1848ರ ಕ್ರಾಂತಿಯ ನಂತರದ ಸರ್ಕಾರವೇ ಈ ಚಿತ್ರವನ್ನು ಬರೆಸಿದ್ದು. ಹೊಸ ಗಣರಾಜ್ಯಕ್ಕೆ ರೈತನನ್ನು ಕೊಂಡಾಡುವ ಆಸೆಯಿತ್ತೇನೋ, ಆದರೆ ಕಲಾವಿದೆ ಮಾತ್ರ ಆ ಗೌರವದ ದೊಡ್ಡ ಪಾಲನ್ನು ಎತ್ತುಗಳಿಗೇ ಸಲ್ಲಿಸಿದ್ದಾರೆಂದು ನನಗನ್ನಿಸುತ್ತದೆ.