ವಾಲ್ನೂರಿನ ಹೊಳೆಯಲ್ಲಿ ಮಹಶೀರ್ ಬೇಟೆ

ಗುಡ್ಡೆಹೊಸೂರಿನಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ ಬಹುಪಾಲು ಪ್ರವಾಸಿಗರು ಆನೆ ನೋಡಲೆಂದು ದುಬಾರೆಯ ಕಡೆಗೆ ತಿರುಗಿಬಿಡುತ್ತಾರೆ. ಅಲ್ಲಿ ತಿರುಗದೆ ನೇರ ಮುಂದುವರಿದು, ಹೂ ಬಿಟ್ಟ ಕಾಫಿ ತೋಟಗಳ ನಡುವೆ ಸಾಗಿ, ನಾವು ವಾಲ್ನೂರು ತಲುಪಿದಾಗ ಕಾವೇರಿ ಬೇಸಿಗೆಯ ಆರಂಭದ ತಿಳಿನೀರಿನಲ್ಲಿ ಬಂಡೆಗಳನ್ನು ಬಳಸಿಕೊಂಡು ಹರಿಯುತ್ತಿತ್ತು. ಇಲ್ಲಿ ಗಾಳ ಹಾಕಲು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಅನುಮತಿ ಪಡೆಯಬೇಕು; ಹಿಡಿದ ಮೀನನ್ನು ಜೀವಂತವಾಗಿ ಹೊಳೆಗೇ ಬಿಡಬೇಕು.

ಜೊತೆಗಿದ್ದ ನಮ್ಮ ಭಾವ ಮಲ್ಪೆಯವರು. ದೋಣಿಯಲ್ಲಿ ಹೋಗಿ ಅಂಜಲ್ ಹಿಡಿದು ಅಭ್ಯಾಸವಿರುವ ಅವರು ಕಡಲಿಗೆ ಒಯ್ಯುವ ದಪ್ಪ ಕೋಲು ಮತ್ತು ರೀಲನ್ನೇ ತಂದಿದ್ದರು. ಹೊಳೆಮೀನಿಗೆ ಇಷ್ಟು ಸರಂಜಾಮು ಏಕೆಂದು ನಾನು ನಕ್ಕರೂ ನಮ್ಮ ಮಾರ್ಗದರ್ಶಿ ನಗಲಿಲ್ಲ. ಕಡಲಿನಲ್ಲಿ ಮೀನು ಎಷ್ಟು ದೂರ ಓಡಿದರೂ ದೋಣಿ ಅದರ ಹಿಂದೆ ಹೋಗಬಹುದು. ಇಲ್ಲಿ ಗಾಳಕ್ಕೆ ಸಿಕ್ಕ ಮಹಶೀರ್ ಸೆಳವಿನ ಬಲವನ್ನೂ ಸೇರಿಸಿಕೊಂಡು ಕೆಳಕ್ಕೆ ನುಗ್ಗುತ್ತದೆ, ದಾರ ಬಂಡೆಯ ಅಂಚಿಗೆ ಉಜ್ಜಿದರೆ ಮುಗಿಯಿತು.

ಮೀನಿಗೆ ಒಡ್ಡುವ ಆಹಾರ ರಾಗಿಹಿಟ್ಟಿನ ಉಂಡೆ. ಮಾರ್ಗದರ್ಶಿ ಅದನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ಆರಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒಳಗಿಳಿದ ಒಂದನ್ನು ಪಕ್ಕಕ್ಕೆಸೆದರು. ಮೆತ್ತಗಿನ ಉಂಡೆಯನ್ನು ಸಣ್ಣ ಮೀನುಗಳು ಕಚ್ಚಿ ಕಚ್ಚಿ ಕರಗಿಸಿಬಿಡುತ್ತವೆ, ಗಟ್ಟಿ ಉಂಡೆ ಮಾತ್ರ ದೊಡ್ಡ ಬಾಯಿಗಾಗಿ ಕಾದಿರುತ್ತದೆ. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಶಂಖದಹುಳುಗಳನ್ನು ಪುಡಿಮಾಡುವ ಆ ಹಲ್ಲುಗಳ ನಡುವೆ ಸಿಕ್ಕರೆ ಕಳಪೆ ಗಾಳ ಉಳಿಯುವುದಿಲ್ಲ.

ಬಿಸಿಲು ಏರುವವರೆಗೂ ಏನೂ ಆಗಲಿಲ್ಲ. ಆಮೇಲೆ ಭಾವನ ರೀಲು ಒಮ್ಮೆಲೇ ಕಿರುಗುಟ್ಟಿತು. “ಎಳೀಬೇಡಿ ಸಾರ್, ಓಡ್ಲಿ ಬಿಡಿ!” ಎಂದು ಮಾರ್ಗದರ್ಶಿ ಕೂಗುತ್ತ ಕಲ್ಲಿನಿಂದ ಕಲ್ಲಿಗೆ ಹಾರಿದರು, ಭಾವ ಸೊಂಟದವರೆಗೆ ನೀರಿಗಿಳಿದು ದಡದುದ್ದಕ್ಕೂ ಮೀನಿನ ಹಿಂದೆ ನಡೆದರು. ಮಡುವಿನಲ್ಲಿ ಅದು ಸುಸ್ತಾದ ಮೇಲೆ, ಕೈ ಒದ್ದೆಮಾಡಿಕೊಂಡು, ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ನಿಂತರು. ಅಂಗೈಯಗಲದ ಹುರುಪೆಗಳು, ನೀಲಿ ಛಾಯೆಯ ಈಜುರೆಕ್ಕೆಗಳು. ಉಸಿರು ತಿರುಗಿದ ಮೀನು ಬಾಲವನ್ನೊಮ್ಮೆ ಬೀಸಿ ಹೋಯಿತು.

ನನ್ನನ್ನು ಕಾಡಿದ್ದು ಆ ನೀಲಿ ಬಣ್ಣ. ಕಾವೇರಿ ಕೊಳ್ಳದ ಸ್ವಂತ ದೈತ್ಯ ಮೀನೆಂದರೆ ತಲೆಯ ಹಿಂದೆ ಡುಬ್ಬವಿರುವ, ಕೇಸರಿ ರೆಕ್ಕೆಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮೀನು ಈ ಜಾತಿಯದೇ. ಇಷ್ಟು ಪ್ರಸಿದ್ಧ ಮೀನಿಗೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ತೀವ್ರ ಅಳಿವಿನಂಚಿನ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ನೀಲಿ ರೆಕ್ಕೆಯದು ಕೃಷ್ಣಾ ಕೊಳ್ಳದ ಜಾತಿ. ಮಹಾರಾಷ್ಟ್ರದ ಲೋಣಾವಳದಲ್ಲಿ ಇದರ ಮರಿಗಳನ್ನು ಬೆಳೆಸಿ, ಮಹಶೀರ್ ಉಳಿಯಲೆಂಬ ಸದುದ್ದೇಶದಿಂದಲೇ ಬೇರೆ ಬೇರೆ ನದಿಗಳಿಗೆ ಬಿಡಲಾಯಿತು. ಕಾವೇರಿಯಲ್ಲಿ ಅವು ಚೆನ್ನಾಗಿ ಬೆಳೆದವು, ಡುಬ್ಬದ ಮೀನು ಕಾಣೆಯಾಗುತ್ತ ಬಂತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಮೀನುಗಾರಿಕೆಗಳೂ ಇದರಲ್ಲಿ ಪಾಲುದಾರರೇ.

ಗಾಳದವರು ಕಾಲಿಡುವ ಹೊಳೆಯಲ್ಲಿ ಸಿಡಿಮದ್ದು ಹಾಕುವವರಿಗೆ ಧೈರ್ಯ ಸಾಲುವುದಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ವಾಲ್ನೂರಿನಂಥ ಕಡೆ ಈ ಹವ್ಯಾಸ ಇರುವುದೇ ಒಳ್ಳೆಯದು. ಆದರೆ ಹೊರಗಿನ ಮರಿ ತಂದು ಬಿಡುವುದನ್ನು ಸಂರಕ್ಷಣೆ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಮಧ್ಯಾಹ್ನ ಸಿದ್ದಾಪುರದಲ್ಲಿ ಊಟಕ್ಕೆ ಕುಳಿತಾಗ ಭಾವನಿಗೆ ಇದನ್ನೇ ಹೇಳಿದೆ. ಎಳೆದಾಟದಲ್ಲಿ ಎರಡೂ ಜಾತಿ ಒಂದೇ ಅಲ್ಲವೇ ಎಂದರು. ಮಲ್ಪೆಯ ಕಡಲಿಗೆ ಯಾರೋ ಬೇರೆ ಸಮುದ್ರದ ಮೀನು ತಂದು ತುಂಬಿಸಿ ಅಂಜಲ್ ಇಲ್ಲದಂತಾದರೆ ಹೀಗೇ ಹೇಳುತ್ತೀರಾ ಎಂದು ಕೇಳಿದೆ, ವಾದ ಕುಶಾಲನಗರದವರೆಗೂ ನಡೆಯಿತು.